ಸನ್ನಿವೇಲಿನ ಕಮಾಂಡರ್

ಅಮೆರಿಕದ ಸನ್ನಿವೇಲಿನ ಕನ್ನಡಿಗರ ಯಾವ ಗುಂಪನ್ನು ಜರಡಿ ಹಿಡಿದರೂ ಒಬ್ಬ ಕಮಾಂಡರ್ ಸಿಕ್ಕೇ ಸಿಗುತ್ತಾನೆ. ಸೈನ್ಯಕ್ಕೂ ಅವನಿಗೂ ಸಂಬಂಧವಿಲ್ಲ. ಕಾಲೇಜಿನ ಎನ್‌ಸಿಸಿ ಪರೇಡನ್ನೂ ಜ್ವರದ ನೆಪ ಹೇಳಿ ತಪ್ಪಿಸಿಕೊಂಡವನು. ವಯಸ್ಸು ನಲವತ್ತರ ಆಚೀಚೆ, ಓದಿದ್ದು ಮೈಸೂರಿನಲ್ಲೋ ಸುರತ್ಕಲ್ಲಿನಲ್ಲೋ, ಕೆಲಸ ಸಾಫ್ಟ್‌ವೇರು, ಮೈಮೇಲೆ ಕಂಪನಿ ಪುಕ್ಕಟೆ ಹಂಚಿದ ಜಾಕೆಟ್ಟು. ಯುಗಾದಿ ಊಟದ ಸಾಲಿನಲ್ಲಿ ಯಾರಾದರೂ "ವೀಕೆಂಡ್ ಏನ್ ಮಾಡಿದ್ರಿ?" ಎಂದರೆ ಒಬ್ಬರು ಟಾಹೋ ಎನ್ನುತ್ತಾರೆ, ಇನ್ನೊಬ್ಬರು ಮಗಳ ರಂಗಪ್ರವೇಶ ಎನ್ನುತ್ತಾರೆ. ಇವನು ಮಾತ್ರ ಕೋಸಂಬರಿಯ ಕಡೆ ನೋಡುತ್ತ, "ಸ್ವಲ್ಪ ಗಣಿ ಕೆಲಸ ಇತ್ತು" ಎನ್ನುತ್ತಾನೆ. ಬಳ್ಳಾರಿ ಕಡೆಯವರಿರಬೇಕು ಎಂದುಕೊಂಡು ಕೇಳಿದವರು ಒಂದು ಹೆಜ್ಜೆ ದೂರ ಸರಿಯುತ್ತಾರೆ.

ಗಣಿ ಇರುವುದು ಅವನ ಗ್ಯಾರೇಜಿನಲ್ಲಿ. ಕಾಸ್ಟ್‌ಕೋದ ಅಕ್ಕಿ ಮೂಟೆಗಳ ಪಕ್ಕ ಒಂದು ಬಾಗಿದ ಮಾನಿಟರು, ಎಡಗೈಗೆ ಥ್ರಾಟಲ್, ಬಲಗೈಗೆ ಜಾಯ್‌ಸ್ಟಿಕ್. ಆಟದ ಹೆಸರು 'ಎಲೀಟ್ ಡೇಂಜರಸ್'. ಇಂಗ್ಲೆಂಡಿನ ಕೇಂಬ್ರಿಡ್ಜಿನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಇದನ್ನು 2014ರ ಡಿಸೆಂಬರಿನಲ್ಲಿ ಹೊರತಂದಿತು. ಮೂಲ 'ಎಲೀಟ್' 1984ರದು. ಡೇವಿಡ್ ಬ್ರೇಬನ್ ಮತ್ತು ಇಯನ್ ಬೆಲ್ ಎಂಬ ಇಬ್ಬರು ತರುಣರು ಬಿಬಿಸಿ ಮೈಕ್ರೋ ಕಂಪ್ಯೂಟರಿಗಾಗಿ ಬರೆದದ್ದು. ಅದರಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ. ಹೊಸದರಲ್ಲಿ ನಮ್ಮ ಆಕಾಶಗಂಗೆಯೇ ಇಡಿಯಾಗಿ ಇದೆ: 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಆಡುವವರನ್ನೆಲ್ಲ ಆಟ 'ಕಮಾಂಡರ್' ಎಂದೇ ಕರೆಯುತ್ತದೆ. ಅಪ್ಪ ಅಮ್ಮ ಪಂಚಾಂಗ ನೋಡಿ ಇಟ್ಟ ಉದ್ದನೆಯ ಹೆಸರನ್ನು ಆಫೀಸಿನಲ್ಲಿ 'ವೆಂಕ್' ಎಂದು ಕತ್ತರಿಸಿಕೊಂಡವನಿಗೆ ಇದೇನು ಸಣ್ಣ ಮರ್ಯಾದೆಯಲ್ಲ.

ಯುದ್ಧ, ವ್ಯಾಪಾರ, ಅನ್ವೇಷಣೆ, ಒಂದೊಂದಕ್ಕೂ ಒಂಬತ್ತು ಮೆಟ್ಟಿಲು. ವ್ಯಾಪಾರದಲ್ಲಿ ಮೊದಲು ಕಾಸಿಲ್ಲದವ, ಆಮೇಲೆ ಬಹುಮಟ್ಟಿಗೆ ಕಾಸಿಲ್ಲದವ, ಆಮೇಲೆ ತಲೆಹೊರೆ ವ್ಯಾಪಾರಿ, ಹೀಗೇ ಹತ್ತಿ ತುದಿಯಲ್ಲಿ 'ಎಲೀಟ್'. ಅನ್ವೇಷಣೆಯ ಏಣಿ ಶುರುವಾಗುವುದು 'ಗುರಿಯಿಲ್ಲದವ'ನಿಂದ. ಎರಡನೆಯದು 'ಬಹುಮಟ್ಟಿಗೆ ಗುರಿಯಿಲ್ಲದವ'. ವಿಸಿಟರ್ ವೀಸಾದ ಮೇಲೆ ಆರು ತಿಂಗಳಿಗೆ ಬಂದಿಳಿದ ಮಾವನವರು ಕನ್ನಡಕ ಏರಿಸಿ ಇದನ್ನು ಓದಿ, "ಇಷ್ಟು ಹೇಳೋದಕ್ಕೆ ಕಂಪ್ಯೂಟರ್ ಬೇಕಿತ್ತಾ?" ಎಂದು ಕೇಳಿದ್ದುಂಟು.

ಊರಿನ ನೀರಿನಲ್ಲೇ ಏನೋ ಇರಬೇಕು. 1972ರಲ್ಲಿ ವಿಡಿಯೋ ಗೇಮ್ ಕಂಪನಿ ಅಟಾರಿಯ ಅಲ್ ಆಲ್ಕಾರ್ನ್ ತಾನು ತಯಾರಿಸಿದ 'ಪಾಂಗ್' ಯಂತ್ರವನ್ನು ಮೊದಲು ಪರೀಕ್ಷೆಗಿಟ್ಟದ್ದು ಇದೇ ಸನ್ನಿವೇಲಿನ ಆಂಡಿ ಕ್ಯಾಪ್ಸ್ ಟಾವರ್ನ್ ಎಂಬ ಬಾರಿನಲ್ಲಿ. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿತೆಂದು ಕರೆ ಬಂತು. ಹೋಗಿ ಬಿಚ್ಚಿ ನೋಡಿದರೆ ಕೆಟ್ಟಿದ್ದೇನೂ ಇಲ್ಲ, ನಾಣ್ಯ ತುಂಬಿ ಕಟ್ಟಿಕೊಂಡಿತ್ತು. ಎಲ್ ಕಮೀನೋ ರಸ್ತೆಯ ಆ ಜಾಗದಲ್ಲಿ ಈಗ 'ರೂಸ್ಟರ್ ಟಿ. ಫೆದರ್ಸ್' ಎಂಬ ಹಾಸ್ಯ ಕ್ಲಬ್ ಇದೆ. ಅದೇ ಅಟಾರಿಗೆ 1979ರಲ್ಲಿ ಡಗ್ ನ್ಯೂಬಾವರ್ 'ಸ್ಟಾರ್ ರೇಡರ್ಸ್' ಎಂಬ ಬಾಹ್ಯಾಕಾಶ ಯುದ್ಧದ ಆಟ ಬರೆದ. ಆಟ ಮುಗಿದೊಡನೆ ಅದು ನಿಮ್ಮ ಯೋಗ್ಯತೆ ಅಳೆದು ಪದವಿ ಕೊಡುತ್ತಿತ್ತು. ತೀರಾ ಕಳಪೆಯಾಗಿ ಆಡಿದವರಿಗೆ 'ಕಸದ ದೋಣಿಯ ಕಪ್ತಾನ', ಇನ್ನೊಂದು 'ಗ್ಯಾಲಕ್ಸಿಯ ಅಡುಗೆಭಟ್ಟ'. ಬುಧವಾರ ರಾತ್ರಿ ಕಸದ ಡಬ್ಬ ಎಳೆದು ರಸ್ತೆಗಿಟ್ಟು, ಭಾನುವಾರ ಉಪ್ಪಿಟ್ಟು ಕೆದಕುವ ಕಮಾಂಡರ್ ಮನೆಯ ಮಟ್ಟಿಗೆ ಈ ಎರಡೂ ಪದವಿಗಳನ್ನು ಎಂದೋ ಗಳಿಸಿದ್ದಾನೆ.

ನಿಜವಾದ ಆಕಾಶವೂ ಇಲ್ಲಿ ದೂರವಿಲ್ಲ. ಹಬಲ್ ದೂರದರ್ಶಕವನ್ನು ಜೋಡಿಸಿದ್ದು ಸನ್ನಿವೇಲಿನ ಲಾಕ್‌ಹೀಡ್ ಕಾರ್ಖಾನೆಯಲ್ಲಿ. 1990ರಲ್ಲಿ ಅದು ಮೇಲೆ ಹೋಯಿತು. ಕಮಾಂಡರ್ ದಿನಾ ಆ ಕಡೆಯೇ ಓಡಾಡುತ್ತಾನೆ. ತಲೆಯೊಳಗೆ ಮಾತ್ರ ಅಂದಿನ ಪೇನೈಟ್ ದರ.

ಪೇನೈಟ್ ಸುಳ್ಳು ಖನಿಜವಲ್ಲ. ಬರ್ಮಾದಲ್ಲಿ ಸಿಕ್ಕಿದ್ದು, ದಶಕಗಳ ಕಾಲ ಜಗತ್ತಿನಲ್ಲೆಲ್ಲ ಬೆರಳೆಣಿಕೆಯಷ್ಟೇ ಹರಳುಗಳಿದ್ದವು. ಆಟದಲ್ಲಿ ಅದನ್ನು ಟನ್ನುಗಟ್ಟಲೆ ತುಂಬಬಹುದು. ಆದರೆ ಸುಮ್ಮನೆ ಸಿಗುವುದಿಲ್ಲ. ಗ್ರಹದ ಸುತ್ತಲಿನ ಬಳೆಯೊಳಗೆ ಹಡಗು ಇಳಿಸಿ ಒಂದು ತರಂಗ ಬಿಡಬೇಕು. ಒಳಗೆ ಸರಕಿರುವ ಬಂಡೆ ಹಳದಿಯಾಗಿ ಹೊಳೆಯುತ್ತದೆ. ಹತ್ತಿರ ಹೋಗಿ ಲಿಂಪೆಟ್ ಎಂಬ ಪುಟ್ಟ ಡ್ರೋನನ್ನು ಅದಕ್ಕೆ ಅಂಟಿಸಬೇಕು. ಬಿರುಕುಗಳನ್ನು ಹುಡುಕಿ ಒಂದೊಂದಕ್ಕೂ ಸಿಡಿಮದ್ದು ತುರುಕಬೇಕು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮದ್ದಿನ ಬಲ ಏರುತ್ತದೆ. ಪಕ್ಕದ ಪಟ್ಟಿಯಲ್ಲಿ ಗೆರೆ ನೀಲಿ ಗಡಿಯೊಳಗೇ ನಿಲ್ಲಬೇಕು. ಕಡಿಮೆಯಾದರೆ ಬಂಡೆ ಒಡೆಯುವುದಿಲ್ಲ, ಹೆಚ್ಚಾದರೆ ಮಾಲು ಪುಡಿ. ಸರಿಯಾಗಿ ಲೆಕ್ಕ ಹಾಕಿ ದೂರ ಸರಿದರೆ ಬಂಡೆ ಮೌನವಾಗಿ ಬಿಚ್ಚಿಕೊಳ್ಳುತ್ತದೆ, ಲಿಂಪೆಟ್‌ಗಳು ಚೂರುಗಳನ್ನು ಹೊತ್ತು ಹಡಗಿಗೆ ತರುತ್ತವೆ. ಹತ್ತಕ್ಕೆ ಮೂರು ಲಿಂಪೆಟ್ ದಾರಿಯಲ್ಲಿ ಕಲ್ಲಿಗೆ ಬಡಿದು ಸಾಯುತ್ತವೆ. "ಅಯ್ಯೋ ಪಾಪ" ಎಂಬ ಉದ್ಗಾರ ಗ್ಯಾರೇಜಿನಿಂದ ಕೇಳಿದರೆ ಮನೆಯವರು ಈಗ ಯಾರಿಗೇನಾಯಿತು ಎಂದು ಓಡಿಬರುವುದಿಲ್ಲ.

"ರೀ, ಊಟ ಆರ್ತಾ ಇದೆ."

"ಎರಡೇ ನಿಮಿಷ. ಮಧ್ಯದಲ್ಲಿ ನಿಲ್ಲಿಸೋಕಾಗಲ್ಲ ಕಣೇ, ಆನ್‌ಲೈನ್ ಆಟ."

"ಕೋಲಾರದ ಚಿನ್ನದ ಗಣೀನೇ 2001ರಲ್ಲಿ ಮುಚ್ಚಿದ್ರು. ನಮ್ಮನೇದು ಯಾವಾಗ ಮುಚ್ಚುತ್ತೆ?"

ಹಡಗಿನ ಇಂಜಿನ್ ಸುಧಾರಿಸಲು ಬೇಕಾಗುವುದು ಬೇರೆ ಸಾಮಾನು: ಕಬ್ಬಿಣ, ನಿಕ್ಕೆಲ್, ಗಂಧಕ, ರಂಜಕ. ನಿರ್ಜೀವ ಗ್ರಹದ ಮೇಲೆ ಇಳಿದು, ಸಣ್ಣ ಗಾಡಿಯಲ್ಲಿ ಗುಂಡಿ ದಿಬ್ಬ ಹತ್ತಿಳಿದು, ಕಲ್ಲಿಗೆ ಗುಂಡು ಹೊಡೆದು ಆಯಬೇಕು. ಮೇಲ್ದರ್ಜೆಯದು ಬೇಕೆಂದರೆ ವಿನಿಮಯ ಮಾಡುವ ಅಂಗಡಿಯುಂಟು. ಕೆಳದರ್ಜೆಯ ಆರು ಕೊಟ್ಟರೆ ಮೇಲಿನದು ಒಂದು. ಹಳೇ ಜರತಾರಿ ಸೀರೆ ಇಸಿದುಕೊಂಡು ಸ್ಟೀಲಿನ ಡಬರಿ ಕೊಟ್ಟು ಹೋಗುತ್ತಿದ್ದ ನಮ್ಮ ಬೀದಿಗಳ ಪಾತ್ರೆಯವನ ಲೆಕ್ಕವೇ ಇದು. ಆಫೀಸಿನಲ್ಲಿ ಇದೇ ಮನುಷ್ಯ ಒಂದು ಫಾರ್ಮನ್ನು ಎರಡು ಸಲ ತುಂಬಿಸಿದರೆಂದು ಮೇಲಿನವರೆಗೂ ಇಮೇಲ್ ಬರೆಯುತ್ತಾನೆ.

ಹೆದ್ದಾರಿ 237ರಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಹಾಕಿಕೊಂಡರೆ ಕ್ಯಾಲಿಫೋರ್ನಿಯಾದ ಆಡಳಿತವನ್ನೇ ಶಪಿಸುವ ಕಮಾಂಡರ್, ಆಲ್ಫಾ ಸೆಂಟಾರಿಯ 'ಹಟನ್ ಆರ್ಬಿಟಲ್' ನಿಲ್ದಾಣಕ್ಕೆ ಹೋಗಿಬಂದದ್ದನ್ನು ಹೆಮ್ಮೆಯಿಂದ ಹೇಳುತ್ತಾನೆ. ಅದು ನಕ್ಷತ್ರದಿಂದ 0.22 ಜ್ಯೋತಿರ್ವರ್ಷ ದೂರ. ತಿರುವಿಲ್ಲ, ಸಿಗ್ನಲ್ಲಿಲ್ಲ, ನೋಡಲು ಏನೂ ಇಲ್ಲ. ಗಂಟೆಗೂ ಮೀರಿ ನೆಟ್ಟಗೆ ಹೋಗುತ್ತಿರಬೇಕಿತ್ತು. ಅಲ್ಲಿ ಮಾರಾಟಕ್ಕಿರುವ ಹೆಸರಾಂತ ಸರಕು, ಕುಡಿಯುವ ಮಗ್ಗು. ಅಲ್ಲಿ ದೊಡ್ಡ ಹಡಗನ್ನು ಪುಕ್ಕಟೆ ಕೊಡುತ್ತಾರೆಂದು ಹಳಬರು ಹೊಸಬರನ್ನು ನಂಬಿಸಿ ಕಳಿಸುವುದು ಈ ಆಟದ ಹಳೆಯ ಕುಚೇಷ್ಟೆ.

ಇನ್ನು ಭೂಮಿಯ ವಿಚಾರ. ಈ ಆಟದಲ್ಲಿ ನಮ್ಮದೇ ಸೌರಮಂಡಲಕ್ಕೆ ಕಾಲಿಡಲು ಪರವಾನಗಿ ಬೇಕು. ಆಟದ ಫೆಡರೇಷನ್ ಎಂಬ ಪಕ್ಷದ ನೌಕಾಪಡೆಯಲ್ಲಿ 'ಪೆಟಿ ಆಫೀಸರ್' ಆದವರಿಗಷ್ಟೇ ಅದು ಸಿಗುವುದು. ಕಮಾಂಡರ್ ತಿಂಗಳುಗಟ್ಟಲೆ ಅವರಿವರ ಟಪಾಲು ಹಂಚಿ, ಔಷಧಿ ಸಾಗಿಸಿ ಪರವಾನಗಿ ಗಿಟ್ಟಿಸಿದ. ಒಳಗೆ ಹೋದರೆ ವಾಯೇಜರ್ ನೌಕೆಗಳೂ ಇವೆ, ಹುಡುಕಿ ನೋಡಬಹುದು. ಭೂಮಿಯ ಮೇಲೆ ಮಾತ್ರ ಇಳಿಯುವಂತಿಲ್ಲ, ಸುತ್ತು ಹಾಕಬಹುದು ಅಷ್ಟೆ. ಮಗನನ್ನು ಕರೆದು ತೋರಿಸಿದ: "ಅಗೋ ನೋಡು, ಅಲ್ಲೆಲ್ಲೋ ನಮ್ಮ ಹಾಸನ."

"ಅಪ್ಪಾ, ಅದು ಆಫ್ರಿಕಾ."

ಪರವಾನಗಿಗೆ ಕಾಯುವುದು ಅವನಿಗೆ ಅಭ್ಯಾಸವಾಗಿಹೋಗಿದೆ. ಅಮೆರಿಕದ ಗ್ರೀನ್ ಕಾರ್ಡಿಗೆ ದೇಶವೊಂದಕ್ಕೆ ಶೇಕಡಾ 7ರ ಮಿತಿಯಿದೆ, ಭಾರತೀಯರ ಸಾಲು ಉದ್ದವಿದೆ. 2022ರ ಸೆಪ್ಟೆಂಬರಿನ ವೀಸಾ ಬುಲೆಟಿನ್ನಿನಲ್ಲಿ ಭಾರತೀಯರ ಇಬಿ-2 ಎಂಬ ಉದ್ಯೋಗ ವರ್ಗದ ಸಾಲು 2014ರ ಡಿಸೆಂಬರ್ 1ಕ್ಕೆ ಮುಂಚೆ ಅರ್ಜಿ ಹಾಕಿದವರ ತನಕ ಬಂದಿತ್ತು. ಕಮಾಂಡರನ ಅರ್ಜಿ ಅದೇ ಡಿಸೆಂಬರಿನ ಮೂರನೇ ವಾರದ್ದು, ಆಟ ಬಿಡುಗಡೆಯಾದ ವಾರದ್ದೇ. ಇನ್ನೊಂದೇ ತಿಂಗಳು ಎಂದು ಧಾರವಾಡ ಪೇಡ ತರಿಸಿಟ್ಟ. ಅಕ್ಟೋಬರಿನಲ್ಲಿ ದಿನಾಂಕ 2012ರ ಏಪ್ರಿಲ್ 1ಕ್ಕೆ ಹಿಂದೆ ಜಾರಿತು. ಡಿಸೆಂಬರಿನಲ್ಲಿ 2011ರ ಅಕ್ಟೋಬರಿಗೆ. ಪೇಡವನ್ನು ಗ್ಯಾರೇಜಿನಲ್ಲಿ ಕೂತು ಒಬ್ಬನೇ ತಿಂದ.

ಇಂಥವನು ರಾತ್ರಿಯೆಲ್ಲ ಕಲ್ಲು ಯಾಕೆ ಒಡೆಯುತ್ತಾನೆ ಎಂದು ಕೇಳುವವರು ಆ ನೌಕಾಪಡೆಯ ಪಟ್ಟಿಯನ್ನೊಮ್ಮೆ ನೋಡಬೇಕು. ಒಂದು ಟಪಾಲು ಕೊಟ್ಟರೆ ಅದು ಶೇಕಡಾ ಇಷ್ಟು ಎಂದು ಮುಂದೆ ಸರಿಯುತ್ತದೆ. ಒಮ್ಮೆ ಸರಿದದ್ದು ಹಿಂದೆ ಬರುವುದಿಲ್ಲ. ನೂರಾದೊಡನೆ ಬಡ್ತಿಯ ಪರೀಕ್ಷೆಗೆ ಅವರೇ ಕರೆಯುತ್ತಾರೆ. ಮ್ಯಾನೇಜರು ಬದಲಾದ, ಈ ಸಲ ಬಜೆಟ್ಟಿಲ್ಲ ಎಂಬ ಮಾತೇ ಇಲ್ಲ. ಆಟದ ಕ್ಯಾಲೆಂಡರ್ ನಮ್ಮದಕ್ಕಿಂತ 1286 ವರ್ಷ ಮುಂದೆ ಓಡುತ್ತದೆ. ಆ ಹೊತ್ತಿಗಾದರೂ ಕಾರ್ಡು ಬಂದಿರಬಹುದು ಎಂಬುದು ಹೆಂಡತಿಯ ಅಂದಾಜು.

ಎಂಪೈರ್ ಎಂಬ ಇನ್ನೊಂದು ಪಕ್ಷದಲ್ಲಿ ಅವನು ಡ್ಯೂಕ್. 'ಇಂಪೀರಿಯಲ್ ಕಟರ್' ಎಂಬ ಭಾರಿ ಹಡಗು ಡ್ಯೂಕರಿಗೆ ಮಾತ್ರ ಮಾರಾಟ. ಹಾಗಾಗಿ ಆ ಪದವಿ ಗಳಿಸಲು ಎನ್‌ಗಾಲಿನ್, ಮೈನಾನಿ ಎಂಬ ಎರಡು ವ್ಯವಸ್ಥೆಗಳ ನಡುವೆ ಆಟಗಾರರು ಸಿಟಿ ಬಸ್ಸಿನ ಟ್ರಿಪ್ಪು ಹೊಡೆಯುತ್ತಾರೆ. ಪುರುಸೊತ್ತಿಲ್ಲದವರು ದತ್ತಿ ಕೊಟ್ಟೂ ಮೇಲೇರಬಹುದು. ಹಬ್ಬದ ಕಾರ್ಯಕ್ರಮಕ್ಕೆ ನೂರು ಡಾಲರ್ ಕೇಳಲು ಬಂದವರ ಹತ್ತಿರ ಚೌಕಾಸಿ ಮಾಡಿದ ಕಮಾಂಡರ್ ಅಲ್ಲಿ ಒಂದೇ ಸಂಜೆ ಹತ್ತು ಲಕ್ಷ ದಾನ ಮಾಡಿ ಬ್ಯಾರನ್ ಆಗಿದ್ದ.

ಈ ಎಲ್ಲದಕ್ಕೂ ಲೆಕ್ಕಪರಿಶೋಧನೆ ನಡೆದದ್ದು ಮಾವ ಬಂದ ಮೇಲೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಜೀವ ಸವೆಸಿ ನಿವೃತ್ತರಾದವರು. ಕಾರು ಓಡಿಸಲು ಬಾರದು, ಬೀದಿಯಲ್ಲಿ ಮಾತಾಡಲು ಜನವಿಲ್ಲ. ಅಳಿಯನ ಪಕ್ಕ ಕುರ್ಚಿ ಹಾಕಿಕೊಂಡರು.

"ಇದೇನು, ಹಡಗಿನೊಳಗೆ ಹಡಗು?"

"ಫ್ಲೀಟ್ ಕ್ಯಾರಿಯರ್, ಮಾವ. ನಂದೇ."

"ಎಷ್ಟಾಯ್ತು?"

"500 ಕೋಟಿ ಕ್ರೆಡಿಟ್ಟು. ವಾರಕ್ಕೆ ಖರ್ಚು ಕನಿಷ್ಠ 50 ಲಕ್ಷ. ಅಂಗಡಿ, ರಿಪೇರಿ ಶೆಡ್ಡು ಇಟ್ಕೊಂಡ್ರೆ ಇನ್ನೂ ಜಾಸ್ತಿ."

"ಕಟ್ಟದಿದ್ರೆ?"

"ಸಾಲ ಮಿತಿ ಮೀರಿದ್ರೆ ಹಡಗು ಕೈಬಿಡುತ್ತೆ."

ಮಾವ ಪೆನ್ನು ತರಿಸಿದರು. ಹಿಂದಿನ ದಿನಸಿ ಚೀಟಿಯ ಹಿಂಬದಿಯಲ್ಲಿ ಆದಾಯ ಒಂದು ಕಡೆ, ಖರ್ಚು ಒಂದು ಕಡೆ ಬರೆದು, ರಿಪೇರಿ ಶೆಡ್ಡು ಮುಚ್ಚಿಸಿದರು. ಮಾರನೆಯ ವಾರದಿಂದ ಖಾತೆ ಲಾಭಕ್ಕೆ ತಿರುಗಿತು.

ವ್ಯಾಪಾರದಲ್ಲಿ ಎಲೀಟ್ ಆದ ದಿನವೇ ಆಟ ಬಿಡುತ್ತೇನೆಂದು ಕಮಾಂಡರ್ ಹೆಂಡತಿಗೆ ಮಾತು ಕೊಟ್ಟಿದ್ದ. ಒಂದು ಶುಕ್ರವಾರ ನಡುರಾತ್ರಿ ಆದ. ಬೆಳಗ್ಗೆ ಕಾಫಿಯ ಹೊತ್ತಿಗೆ ಸುದ್ದಿ ಮುಟ್ಟಿಸಿದಾಗ ಅವಳಿಗೆ ನಿಜವಾಗಿಯೂ ಖುಷಿಯಾಯಿತು.

"ಸರಿ ಹಾಗಾದ್ರೆ, ಇವತ್ತೇ ಗ್ಯಾರೇಜ್ ಖಾಲಿ ಮಾಡೋಣ."

"ಅದು... ಎಲೀಟ್ ಆದ್ಮೇಲೆ ಎಲೀಟ್ ಒಂದು, ಎಲೀಟ್ ಎರಡು ಅಂತ ಐದರವರೆಗೂ ಸೇರಿಸಿದಾರೆ ಕಣೇ."

ಸೀನಿಯರ್, ಸ್ಟಾಫ್, ಸೀನಿಯರ್ ಸ್ಟಾಫ್, ಪ್ರಿನ್ಸಿಪಲ್ ಎಂಬ ಮೆಟ್ಟಿಲುಗಳನ್ನು ತಾನೂ ಹತ್ತುತ್ತಿರುವ ಅವಳು ಇದಕ್ಕೆ ಬೆಚ್ಚಿಬೀಳಲಿಲ್ಲ. ಅಪ್ಪನಾದರೂ ಬುದ್ಧಿ ಹೇಳಲಿ ಎಂದು ಆ ಕಡೆ ತಿರುಗಿದಳು. ಅವರು ಲೋಟ ಕೆಳಗಿಟ್ಟು, "ಅಳಿಯಂದ್ರೇ, ಈ ವಾರದ್ದು ಕಟ್ಟಾಯ್ತಾ?" ಎಂದರು.