ಸ್ವದತ್ತಾಂಶ ಯಾಚನಾ ಮೀಮಾಂಸೆ

ವಿಷಯ: ತನ್ನ ಬಗ್ಗೆ ಊರಿಗೆಲ್ಲ ಗೊತ್ತಿರುವುದನ್ನು ತಾನೂ ತಿಳಿಯಬಹುದೇ? ಸಂಶಯ: ತಿಳಿದು ಏನು ಮಾಡುತ್ತೀರಿ? (ಈ ಸಂಶಯ ಪ್ರಸ್ತುತ ಲೇಖಕನದಲ್ಲ, ಪುಣೆಯ ಕೋಥ್ರೂಡಿನ ಕಚೇರಿಯೊಂದರ ಕೌಂಟರಿನದು.)

ಪೂರ್ವಪಕ್ಷದ ವಾದ ಬಲವಾಗಿದೆ. ಮಾಹಿತಿ ಕೇಳುವುದರಲ್ಲಿ ಪುಣೆಗೆ ಅಗ್ರಪೂಜೆ ಸಲ್ಲಬೇಕು. ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ದಿನವೇ ದೇಶದ ಮೊದಲ ಅರ್ಜಿ ಬಿದ್ದದ್ದು ಇಲ್ಲಿನ ಪೊಲೀಸ್ ಠಾಣೆಯೊಂದರಲ್ಲಿ. ಮುಂದೆ ಸೋಮವಾರ ಮಧ್ಯಾಹ್ನ ಮಹಾನಗರಪಾಲಿಕೆಯ ಕಡತಗಳನ್ನು ಯಾರು ಬೇಕಾದರೂ ಕೂತು ಓದುವ ಏರ್ಪಾಡೂ ಈ ಊರಲ್ಲೇ ಹುಟ್ಟಿತು. ಪರರ ಚರಂಡಿ ಗುತ್ತಿಗೆ ನೋಡಲು ವಾರ ನಿಗದಿಯಾಗಿದ್ದ ಊರಲ್ಲಿ ಸ್ವಂತದ್ದು ನೋಡಲು ಅಡ್ಡಿಯೇನು?

ಅಡ್ಡಿ ಶಾಸನಗಳಲ್ಲಿದೆ. ಪೇಠೆಗಳ ಬಾಗಿಲುಗಳಲ್ಲಿ ತೂಗುವ ಪುಣೇರಿ ಪಾಟಿಗಳೆಂಬ ಫಲಕಗಳನ್ನು ಪುರಾತತ್ತ್ವಜ್ಞರು ಇನ್ನೂ ಗಂಭೀರವಾಗಿ ಓದಿಲ್ಲ. ಮಧ್ಯಾಹ್ನ 1ರಿಂದ 4 ಬಂದ್. ಇಲ್ಲಿ ಯಾರ ವಿಳಾಸವನ್ನೂ ಕೇಳಬಾರದು. ಬೆಲ್ ಒಮ್ಮೆ ಒತ್ತಿದರೆ ಸಾಕು, ಒಳಗಿರುವವರು ಕಿವುಡರಲ್ಲ. ಈಗ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ (2023) 15ನೇ ಕಲಂ ನೋಡಿ: ದೂರುವವನು ಹುರುಳಿಲ್ಲದ ದೂರು ಕೊಡಬಾರದು, ಕೊಟ್ಟರೆ 10,000 ರೂಪಾಯಿವರೆಗೆ ದಂಡ. ಕಾಯ್ದೆ ಬರೆದವರು ದೆಹಲಿಯವರೆಂಬುದು ರೂಢಿಯ ಮಾತು. ಶೈಲಿಯ ಆಧಾರದ ಮೇಲೆ ನೋಡಿದರೆ ಅವರು ನಿಸ್ಸಂದೇಹವಾಗಿ ಸದಾಶಿವ ಪೇಠೆಯವರು.

ಕಾಲನಿರ್ಣಯವೂ ಆಗಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಕಾಯ್ದೆ 2023ಕ್ಕೆ ಬಂತು, ನಿಯಮಗಳು 2025ರ ನವೆಂಬರಿಗೆ. ತನ್ನ ದತ್ತಾಂಶದ ಸಾರಾಂಶ ಕೊಡಿ, ಅದನ್ನು ಯಾರ್ಯಾರಿಗೆ ಹಂಚಿದ್ದೀರಿ ಹೇಳಿ ಎಂದು ಕೇಳುವ 11ನೇ ಕಲಂ ಮಾತ್ರ ಅಲ್ಲಿಂದ 18 ತಿಂಗಳು ಗರ್ಭದಲ್ಲಿದ್ದು 2027ರ ಮೇ ಹೊತ್ತಿಗೆ ಹುಟ್ಟಬೇಕು. ಪುಟ್ಟಸ್ವಾಮಿಯವರು 2024ರಲ್ಲೇ, 98ರ ವಯಸ್ಸಿನಲ್ಲಿ ತೀರಿಕೊಂಡರು. ಮಹಾಭಾರತದ ಪರಿಷ್ಕರಣಕ್ಕೆ ಇದೇ ಊರಿನ ಭಾಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ ತೆಗೆದುಕೊಂಡಿತ್ತು. ಆ ಲೆಕ್ಕದಲ್ಲಿ ಸರ್ಕಾರದ್ದು ಅವಸರವೇ.

ಅದೇ ಕಾಯ್ದೆಯ 44(3) ಮಾತ್ರ ಹೆರಿಗೆ ನೋವಿಲ್ಲದೆ ನವೆಂಬರ್ 14ರಂದೇ ಹುಟ್ಟಿತು. ಮಾಹಿತಿ ಹಕ್ಕಿನ 8(1)(ಜೆ) ತಿದ್ದುಪಡಿಯಾಗಿ, ‘ವೈಯಕ್ತಿಕ’ ಎಂದೊಡನೆ ಅಧಿಕಾರಿ ಕಡತ ಮುಚ್ಚಬಹುದಾಯಿತು (ಸಾರ್ವಜನಿಕ ಹಿತದ ಕಿಂಡಿಯೊಂದು 8(2)ರಲ್ಲಿ ಉಳಿದಿದೆ, ಹುಡುಕುವ ಕಣ್ಣಿದ್ದವರಿಗೆ). ಪರರ ಕಡತ ಮೊದಲು ಮುಚ್ಚಿತು. ತನ್ನದು ಆಮೇಲೆ ತೆರೆಯುತ್ತದೆ. ನಡುವಿನ ಒಂದೂವರೆ ವರ್ಷವನ್ನು ವಿದ್ವಾಂಸರು ಸಂಧಿಕಾಲ ಎನ್ನುತ್ತಾರೆ.

ಈ ಸಂಧಿಕಾಲದಲ್ಲಿ ಪ್ರಸ್ತುತ ಲೇಖಕನು ಬ್ಯಾಂಕು, ವಿಮೆ, ಜಿಮ್ಮು, ಔಷಧಿ ಅಂಗಡಿಗಳಿಗೆ ಅರ್ಜಿ ಬರೆದು, ಬಂದ ಉತ್ತರಗಳನ್ನು ಹಸ್ತಪ್ರತಿಗಳೆಂದು ಬಗೆದು ಪಾಠಸಂಪಾದನೆ ಮಾಡಿದ್ದಾನೆ. ಮೂಲಪಾಠ: “ತಮ್ಮ ಗೌಪ್ಯತೆ ನಮಗೆ ಮುಖ್ಯ.” ಬ್ಯಾಂಕ್ ಶಾಖೆಯಲ್ಲಿ ‘ಅತಿ ಮುಖ್ಯ’ ಎಂಬ ಪಾಠಾಂತರವಿದೆ. ವಿಮಾ ಪ್ರತಿಯಲ್ಲಿ “ಈ ನಡುವೆ ತಮಗೊಂದು ಹೊಸ ಪಾಲಿಸಿ” ಎಂಬ ಸಾಲು ಪ್ರಕ್ಷಿಪ್ತ. ಗುರುತು ಸಾಬೀತಿಗೆ ಆಧಾರ್, ಪ್ಯಾನ್, ಸೆಲ್ಫಿ ಕಳಿಸಿ ಎಂಬ ಖಂಡ ಎಲ್ಲ ಶಾಖೆಗಳಲ್ಲೂ ಇದೆ. ಹೀಗೆ ಕೇಳುವ ಮುಂಚೆ ಅವರ ಬಳಿ ಇಲ್ಲದ್ದೂ ಕೇಳಿದ ಮೇಲೆ ಸೇರುತ್ತದೆ. ಕೊನೆಯ ಸಾಲು ಸರ್ವಸಮಾನ: “ಇದು ತಂತಾನೇ ಹೊರಟ ಪತ್ರ, ಉತ್ತರಿಸಬೇಡಿ.” ಕರ್ತೃವೇ ಇಲ್ಲದ ಈ ವಾಕ್ಯ ಅಪೌರುಷೇಯ, ಆದ್ದರಿಂದ ಪರಮಪ್ರಮಾಣ.

ಐಟಿ ಕಂಪನಿಗಳ ಹಿಂಜವಡಿಯದು ಬೇರೆಯೇ ಸಂಪ್ರದಾಯ. ಯುರೋಪಿನವನೊಬ್ಬ ತನ್ನ ದತ್ತಾಂಶ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಜರ್ಮನಿಯ ರೋಗಿಯೊಬ್ಬ ದಂತವೈದ್ಯರ ಮೇಲೆ ಕೇಸು ಹಾಕುವ ಇರಾದೆಯಿಂದಲೇ ತನ್ನ ಚಿಕಿತ್ಸೆಯ ದಾಖಲೆ ಕೇಳಿದಾಗ, ಕಾರಣ ಹೇಳಬೇಕಿಲ್ಲ, ಮೊದಲ ಪ್ರತಿ ಪುಕ್ಕಟೆ ಎಂದು ಯುರೋಪಿನ ನ್ಯಾಯಾಲಯ 2023ರ ಅಕ್ಟೋಬರ್ 26ರಂದು ಹೇಳಿತು. ಕೋಥ್ರೂಡಿನ ಸಂಶಯ ಅಲ್ಲಿ ಪರಿಹಾರವಾಗಿದೆ. ಇಂಥ ಅರ್ಜಿಗಳು ಹೊರಗುತ್ತಿಗೆಯಲ್ಲಿ ಇತ್ತ ಬಂದರೆ ರಾತ್ರಿ ಪಾಳಿಯ ವಿಜಯಪುರದ ಹುಡುಗ ಗಡುವಿನೊಳಗೆ ಬಿಡಿಸಿಡುತ್ತಾನೆ. ಹೊರದೇಶದವರ ಆ ದತ್ತಾಂಶಕ್ಕೆ ನಮ್ಮ ಕಾಯ್ದೆಯ ಬಹುಪಾಲು ಅನ್ವಯಿಸದಂತೆ 17(1)(ಡಿ) ವಿನಾಯಿತಿಯೂ ಇದೆ. ಬೆಳಗ್ಗೆ ಅವನೇ ತನ್ನ ನಂಬರ್ ಸಾಲದ ಏಜೆಂಟರಿಗೆ ಹೇಗೆ ಸಿಕ್ಕಿತೆಂದು ಕೇಳಿದರೆ ಅಪೌರುಷೇಯ ವಾಕ್ಯ ಬರುತ್ತದೆ.

ತಕ್ಷಣ, ಶುಲ್ಕವಿಲ್ಲದೆ ದರ್ಶನ ಕೊಡುವ ದಾಖಲೆ ಪುಣೆಯಲ್ಲಿ ಒಂದೇ: ಸೊಸೈಟಿ ಗೇಟಿನ ವಹಿ. ನಿಮ್ಮ ಹೆಸರು, ಮೊಬೈಲು, ಯಾರ ಮನೆಗೆ ಎಂಬುದರ ಜೊತೆಗೆ ಆ ಪುಟದ ಉಳಿದವರದ್ದೂ ಕಾಣುತ್ತದೆ. ಕಾಯ್ದೆ ಡಿಜಿಟಲ್ ದತ್ತಾಂಶಕ್ಕಷ್ಟೇ. ವಾಚ್‌ಮನ್ ದಾದಾನ ಬಾಲ್ ಪೆನ್ನು ಅದರಾಚೆ. ಡಿಜಿಟಲ್ಲಿಗೂ ಸುಲಭದ ದಾರಿ ಇಲ್ಲವೆಂದಲ್ಲ. 2018ರ ಆಗಸ್ಟಿನಲ್ಲಿ ಇಲ್ಲಿನ ಕಾಸ್ಮಾಸ್ ಬ್ಯಾಂಕಿಗೆ ನುಗ್ಗಿದವರು ಎರಡು ಮೂರು ದಿನದಲ್ಲಿ ಸುಮಾರು 94 ಕೋಟಿ ರೂಪಾಯಿ ಸಾಗಿಸಿದರು. ಅವರನ್ನು ಯಾರೂ ಸೆಲ್ಫಿ ಕೇಳಲಿಲ್ಲ.

ಉಳಿದದ್ದು ವ್ಯಾಜ್ಯ. ಮೊದಲು ಕಂಪನಿಗೇ ದೂರು, ಉತ್ತರಕ್ಕೆ 90 ದಿನಗಳವರೆಗೆ ಅವಕಾಶ. ಆಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿ. ಕಾಯ್ದೆ ಪ್ರಕಾರ ಅದು ಆದಷ್ಟೂ ಡಿಜಿಟಲ್ ಕಚೇರಿ, ಹಾಗಾಗಿ ಕಾಯಲು ಬೆಂಚೂ ಸಿಗಲಿಕ್ಕಿಲ್ಲ. ಮೇಲ್ಮನವಿ ದೂರಸಂಪರ್ಕ ವಿವಾದಗಳ ನ್ಯಾಯಮಂಡಳಿಗೆ. ಶಿವಾಜಿನಗರದ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಯಾಗದ ಫಲ ಯಜಮಾನನಿಗೇ ಸೇರಬೇಕೆಂಬುದು ಜೈಮಿನಿಯ ನಿಯಮ. ಇಲ್ಲಿ ಕಂಪನಿಗೆ 250 ಕೋಟಿ ದಂಡ ಬಿದ್ದರೂ 34ನೇ ಕಲಂ ಪ್ರಕಾರ ಅದು ಭಾರತದ ಸಂಚಿತ ನಿಧಿಗೆ. ಯಜಮಾನನ ಮೊಬೈಲಿಗೆ ಬರುವುದು ಒಂದು ಎಸ್ಸೆಮ್ಮೆಸ್ಸು: “ತಮ್ಮ ದೂರು ಇತ್ಯರ್ಥವಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?”