ನನಗೇನೂ ಆಡೋಕೆ ಬರಲ್ಲಪ್ಪ!

ಮದುವೆಮನೆಯ ಊಟ ಮುಗಿದ ಮಧ್ಯಾಹ್ನ, ಗೃಹಪ್ರವೇಶದ ಮಾರನೆಯ ದಿನ, ಕರೆಂಟು ಹೋದ ಭಾನುವಾರ, ಹೀಗೆ ನಾಲ್ಕು ಜನ ಬಿಡುವಾಗಿ ಕೂತ ಕಡೆಯೆಲ್ಲ ಇವರು ಇದ್ದೇ ಇರುತ್ತಾರೆ. ಗೋಡೆಗೊರಗಿ ಕಾಲು ಚಾಚಿಕೊಂಡು, ಎಲೆಗೆ ಸುಣ್ಣ ಸವರುತ್ತಾ, ಲೋಕದ ಗೊಡವೆಯೇ ಬೇಡವೆಂಬಂತೆ ಕೂತಿರುತ್ತಾರೆ. ಅಷ್ಟರಲ್ಲಿ ಯಾರೋ ಚೌಕಾಬಾರದ ಮಣೆ ತರುತ್ತಾರೆ. ಮೂವರು ಸಿದ್ಧ, ನಾಲ್ಕನೆಯವರು ಬೇಕು. “ಅತ್ತೆ, ನೀವೂ ಬನ್ನಿ” ಎಂದರೆ ಉತ್ತರ ತಯಾರಾಗಿಯೇ ಇದೆ: “ನನಗೇನೂ ಆಡೋಕೆ ಬರಲ್ಲಪ್ಪ. ನೀವು ನೀವೇ ಆಡ್ಕೊಳ್ಳಿ.”

ಇವರನ್ನು ನಾವು ಬರಲ್ಲಮ್ಮನವರು ಎಂದು ಕರೆಯೋಣ. ಪ್ರತಿ ಬಂಧುಬಳಗಕ್ಕೂ ಒಬ್ಬರಂತೆ ದೇವರು ಹಂಚಿಟ್ಟಿರುತ್ತಾನೆ.

ಮೂರು ಸಲ ಕರೆಯದೆ ಬರಲ್ಲಮ್ಮನವರು ಮಣೆಯ ಹತ್ತಿರ ಸರಿಯುವುದಿಲ್ಲ. ಸರಿದ ಮೇಲೂ ಅನುಮಾನಗಳು ಮುಗಿಯುವುದಿಲ್ಲ. “ನಾಲ್ಕು ಬಿದ್ರೆ ಇನ್ನೊಂದ್ಸಲ ಹಾಕ್ಬಹುದು, ಅಲ್ವೇನೋ? ಎಂಟು ಬಿದ್ರೂನಾ? ಕಟ್ಟೆ ಮೇಲಿರೋ ಕಾಯಿ ಹೊಡೆಯೋ ಹಾಗಿಲ್ಲ ತಾನೆ?” ಎದುರಿಗೆ ಕೂತ ಎಂಜಿನಿಯರ್ ಹುಡುಗ ಕರುಣೆಯಿಂದ ಎಲ್ಲವನ್ನೂ ವಿವರಿಸುತ್ತಾನೆ. ಆಟದ ಕಾಯಿದೆಯನ್ನೆಲ್ಲ ಅವನ ಬಾಯಿಂದಲೇ, ಸಾಕ್ಷಿಗಳ ಸಮಕ್ಷಮ, ಹೇಳಿಸಿಕೊಳ್ಳಲಾಗುತ್ತಿದೆ ಎಂಬುದು ಆ ಮಗುವಿಗೆ ತಿಳಿಯುವುದಿಲ್ಲ. ಮುಂದೆ ತಕರಾರು ತೆಗೆಯಲು ಅವನಿಗೆ ದಾರಿಯೇ ಉಳಿದಿರುವುದಿಲ್ಲ.

ಚೌಕಾಬಾರದಲ್ಲಿ ಒಂದು ಕ್ರೂರ ನಿಯಮವಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಅಂದರೆ ಹಣ್ಣಾಗುವ ಆಸೆಯಿದ್ದವರು ಯಾರೂ ಸಾಧುಗಳಾಗಿ ಉಳಿಯುವಂತಿಲ್ಲ. ಬರಲ್ಲಮ್ಮನವರು ಈ ಪಾಪವನ್ನು ಅತ್ಯಂತ ಸಂಕಟದಿಂದ ಮಾಡುತ್ತಾರೆ. “ಅಯ್ಯೋ, ಅಲ್ಲಿ ನಿನ್ನ ಕಾಯಿ ಇತ್ತಾ ಪುಟ್ಟಾ? ನಾನು ನೋಡ್ಲೇ ಇಲ್ಲ ನೋಡು!” ಎನ್ನುತ್ತಾ ಕಾಯಿ ಎತ್ತಿ ಅವನ ಮನೆಗೆ ಕಳಿಸುತ್ತಾರೆ. ಹೊಡೆದದ್ದಕ್ಕೆ ಸಿಕ್ಕ ಇನ್ನೊಂದು ಗರದಲ್ಲಿ ಎರಡನೆಯ ಕಾಯಿಯನ್ನೂ ನೋಡದೆಯೇ ಹೊಡೆಯುತ್ತಾರೆ.

ಹುಡುಗ ಅದೃಷ್ಟವನ್ನು ಬೈಯುತ್ತಾನೆ. ನಾಲ್ಕು ಕವಡೆ ಅಂಗಾತವೋ ಬೋರಲೋ ಬೀಳುವ ರೀತಿಗಳು ಒಟ್ಟು 16. ಅದರಲ್ಲಿ ಎರಡು ಬೀಳುವ ರೀತಿ 6. ನಾಲ್ಕಕ್ಕೆ ಒಂದೇ, ಎಂಟಕ್ಕೂ ಒಂದೇ. ಕಾಲೇಜಿನಲ್ಲಿ ಇದನ್ನು ಲೆಕ್ಕ ಮಾಡಿ ಅಂಕ ತೆಗೆದವನು ಅವನು. ಆದರೆ ಅವನ ಕಾಯಿಗಳು ನಿಂತಿರುವುದು ಸರಿಯಾಗಿ ಅತ್ತೆಯ ಕಾಯಿಗಿಂತ ಎರಡು ಮನೆ ಮುಂದೆ. ಅತ್ತೆಯ ಕಾಯಿಗಳು ಮಾತ್ರ ಯಾವಾಗಲೂ ಕಟ್ಟೆಯ ಮೇಲಿರುತ್ತವೆ, ಇಲ್ಲವೇ ಎಂಟೇ ಬೀಳಬೇಕಾದಷ್ಟು ದೂರದಲ್ಲಿರುತ್ತವೆ. ಅವರು ಸಂಭವನೀಯತೆಯ ಪಾಠ ಓದಿದವರಲ್ಲ. ಬಾಲ್ಯದಿಂದ ಬೇಸಿಗೆ ರಜೆಗಳಲ್ಲಿ ಕವಡೆ ಕುಲುಕಿದವರು, ಅಷ್ಟೆ.

ಇವರ ಪೂರ್ಣ ಪ್ರತಿಭೆ ಬೆಳಗುವುದು ಹುಲಿ-ಕುರಿ ಆಟದಲ್ಲಿ. ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಈ ಆಟದ ಮನೆಗಳನ್ನು ಕೊರೆದಿರುವುದನ್ನು ನೀವು ನೋಡಿರಬಹುದು. ಒಂದು ಕಡೆ 3 ಹುಲಿ, ಇನ್ನೊಂದು ಕಡೆ 15 ಕುರಿ. ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಬಿದ್ದರೆ ಕುರಿ ಸತ್ತಂತೆ. ಕುರಿಗೆ ಹಾರುವುದಕ್ಕೂ ಇಲ್ಲ, ಕೊಲ್ಲುವುದಕ್ಕೂ ಇಲ್ಲ. ಎಲ್ಲ ಕುರಿಗಳನ್ನೂ ಮಣೆಗೆ ಇಳಿಸುವವರೆಗೆ ಇಟ್ಟ ಒಂದನ್ನೂ ಕದಲಿಸುವಂತಿಲ್ಲ. ಕಾಗದದ ಮೇಲೆ ಇಷ್ಟು ಅನ್ಯಾಯದ ಆಟ ಇನ್ನೊಂದಿಲ್ಲ.

ಹೊಸ ಅಳಿಯಂದಿರು ಮನೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. “ಹುಲಿ ನೀವೇ ಇಟ್ಕೊಳ್ಳಿ ಅಳಿಯಂದಿರೇ, ಅವನ್ನೆಲ್ಲ ಸಂಭಾಳಿಸೋ ಶಕ್ತಿ ನನಗೆಲ್ಲಿ? ಕುರಿ ಸಾಕು” ಎನ್ನುತ್ತಾರೆ ಬರಲ್ಲಮ್ಮನವರು. ಅಳಿಯಂದಿರು ಮೀಸೆಯಡಿ ನಗುತ್ತಾ ಮೊದಲ ಕುರಿ ತಿನ್ನುತ್ತಾರೆ. ಎರಡನೆಯದನ್ನೂ ತಿನ್ನುತ್ತಾರೆ. ಅತ್ತೆ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಆಡಿದ ಮಾತನ್ನೇ ಈಗಲೂ ಆಡುತ್ತಾರೆ: “ಸಂಕೋಚ ಮಾಡ್ಕೋಬೇಡಿ, ತಗೊಳ್ಳಿ.” ಮೂರನೆಯ ಕುರಿ ಹುಡುಕುವ ಹೊತ್ತಿಗೆ ಆಚೆಯ ಮನೆಗಳಲ್ಲೆಲ್ಲ ಕುರಿಗಳೇ ಜೋಡಿ ಜೋಡಿಯಾಗಿ ನಿಂತಿರುತ್ತವೆ. ಹಾರಲು ಜಾಗವಿಲ್ಲ. ಒಂದು ಹುಲಿ ಮೂಲೆ ಸೇರುತ್ತದೆ, ಇನ್ನೊಂದು ಅದರ ಪಕ್ಕದಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದಕ್ಕೂ ನಡೆ ಇಲ್ಲದಾಗ ಅತ್ತೆ ತೀರಾ ಮುಗ್ಧವಾಗಿ ಕೇಳುತ್ತಾರೆ: “ಈಗ ಏನಾಯ್ತು? ನೀವು ಆಡೋದಾ, ನಾನು ಆಡೋದಾ?”

ಅಳಿಯಂದಿರು ಆಟದುದ್ದಕ್ಕೂ ಎಣಿಸಿದ್ದು ತಿಂದ ಕುರಿಗಳನ್ನು. ಅತ್ತೆ ಎಣಿಸಿದ್ದು ಖಾಲಿ ಮನೆಗಳನ್ನು. ಬಲವಿದ್ದವರು ಆಟದ ನಿಯಮವನ್ನು ಅಷ್ಟಾಗಿ ಗಮನಿಸುವುದಿಲ್ಲ, ಬಲವೇ ಸಾಕೆಂದುಕೊಂಡಿರುತ್ತಾರೆ. ಬಲವಿಲ್ಲದವರಿಗೆ ನಿಯಮವೊಂದೇ ಆಸ್ತಿ, ಅದನ್ನವರು ಪೈಸೆ ಪೈಸೆಯಾಗಿ ಖರ್ಚು ಮಾಡುತ್ತಾರೆ.

ಈ ಜಾತಿಯಲ್ಲಿ ಗಂಡಸರೂ ಉಂಟು. ನಿವೃತ್ತ ಮೇಷ್ಟ್ರು, ಮಂಕಿ ಕ್ಯಾಪು, ಪಾರ್ಕಿನ ಕಲ್ಲುಬೆಂಚು, ಪಕ್ಕದಲ್ಲೊಂದು ಚೆಸ್ ಬೋರ್ಡು. “ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು ಅಲ್ವೇನಪ್ಪ? ನಮ್ಮ ಕಾಲದ ಚದುರಂಗದಲ್ಲಿ ಒಂದೇ ಮನೆ” ಎಂದು ಇವರು ಶುರು ಮಾಡುತ್ತಾರೆ. ಮೊಬೈಲಿನಲ್ಲಿ ಕಲಿತ ಹುಡುಗ ರಾಣಿಯನ್ನು ಹೊರಗೆ ಬಿಟ್ಟು ಗುಡುಗುತ್ತಾನೆ. ಮೇಷ್ಟ್ರು ಮಾತ್ರ ಮೂಲೆಯ ಕಾಲಾಳನ್ನು ಒಂದೊಂದೇ ಮನೆ ತಳ್ಳುತ್ತಿರುತ್ತಾರೆ. ಫ್ರಾನ್ಸಿನ ಫಿಲಿಡೋರ್ ಎಂಬ ಸಂಗೀತಗಾರ 1749ರಲ್ಲೇ ಚದುರಂಗದ ಪುಸ್ತಕ ಬರೆದು ಕಾಲಾಳುಗಳ ಮಹಿಮೆಯನ್ನು ಸಾರಿದ್ದ. ಮೇಷ್ಟ್ರಿಗೆ ಆ ಪುಸ್ತಕ ಬೇಕಿಲ್ಲ. ಕಾಲಾಳು ಕೊನೆಯ ಸಾಲು ಮುಟ್ಟಿ ರಾಣಿಯಾದಾಗ, ಸತ್ತು ಬದಿಗೆ ಬಿದ್ದಿದ್ದ ರಾಣಿಯನ್ನು ಎತ್ತಿ ಕರವಸ್ತ್ರದಿಂದ ಧೂಳು ಒರೆಸಿ ಇಡುತ್ತಾರೆ.

ಈಚೆಗೆ ಬರಲ್ಲಮ್ಮನವರ ಕಾರ್ಯಕ್ಷೇತ್ರ ವಿಸ್ತಾರಗೊಂಡಿದೆ. ಬೆಂಗಳೂರಿನ ಮೊಮ್ಮಕ್ಕಳು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 1974ರಲ್ಲಿ ಹೊರತಂದ ಆಟ ಅದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ವೀರರೂ ಮಂತ್ರವಾದಿಗಳೂ ಆಗಿ ದಾಳ ಉರುಳಿಸುತ್ತಾ ರಾಕ್ಷಸರೊಡನೆ ಕಾದಾಡುತ್ತಾರೆ. ಅದರಲ್ಲಿ ಕೋಬೋಲ್ಡ್ ಎಂಬ ಕುಳ್ಳ ಪ್ರಾಣಿಗಳಿವೆ. ರಾಕ್ಷಸಕುಲದಲ್ಲೇ ಕಡೆಯ ದರ್ಜೆಯವು, ಹೊಸಬರ ಕೈ ಪಳಗಲೆಂದೇ ಇಟ್ಟಂಥವು. “ಅಜ್ಜಿಗೆ ಅವನ್ನ ಕೊಡೋಣ ಕಣ್ರೋ, ಪಾಪ” ಎಂದು ಮಕ್ಕಳು ತೀರ್ಮಾನಿಸುತ್ತಾರೆ.

ಅಜ್ಜಿಗೆ ದಾಳದ ಇಪ್ಪತ್ತು ಮುಖ ಕಂಡು ಗಾಬರಿಯೇನೂ ಇಲ್ಲ. ಅವರ ಪ್ರಶ್ನೆಗಳೇ ಬೇರೆ. “ಇವರು ಬರೋ ಓಣಿ ಎಷ್ಟು ಅಗಲ ಇದೆ? ಒಬ್ಬೊಬ್ಬರೇ ಬರಬೇಕಾ? ಬಾಗಿಲಿಗೆ ಚಿಲಕ ಯಾವ ಕಡೆ? ಹೊಗೆ ಹಾಕಬಹುದಾ?” ಮುಂದಿನದು ಬರೆಯಲು ಸಂಕಟವಾಗುತ್ತದೆ. ಉಕ್ಕಿನ ಕವಚದ ವೀರರು ಕಿರಿದಾದ ಓಣಿಯಲ್ಲಿ ಹಿಂದೆ ಬಾಗಿಲು ಮುಚ್ಚಿ, ಮುಂದೆ ಬೆಂಕಿ ಬಿದ್ದು, ಗೋಡೆಯ ಕಿಂಡಿಗಳಿಂದ ಬರುವ ಬಾಣಗಳಿಗೆ ತತ್ತರಿಸುತ್ತಾರೆ. ಆ ಕೋಬೋಲ್ಡ್‌ಗಳು ಒಮ್ಮೆಯೂ ಎದುರಿಗೆ ಬಂದು ನಿಲ್ಲುವುದಿಲ್ಲ. ಅಜ್ಜಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಇದಕ್ಕೊಂದು ಪರಂಪರೆಯೇ ಇದೆ. 1987ರಲ್ಲಿ ಅಮೆರಿಕದ ‘ಡ್ರ್ಯಾಗನ್’ ಪತ್ರಿಕೆಯ ಸಂಪಾದಕೀಯದಲ್ಲಿ ರೋಜರ್ ಮೂರ್ ಎಂಬವರು, ಟಕರ್ ಎಂಬ ಆಟಗಾರ ನಡೆಸುತ್ತಿದ್ದ ಇಂಥವೇ ಕೋಬೋಲ್ಡ್‌ಗಳ ಕಥೆ ಬರೆದರು. ದೊಡ್ಡ ದೊಡ್ಡ ರಾಕ್ಷಸರಿಗೂ ಹೆದರದವರು ಆ ಕುಳ್ಳರನ್ನು ಕಂಡು ಓಡುತ್ತಿದ್ದರು. ‘ಟಕರನ ಕೋಬೋಲ್ಡ್‌ಗಳು’ ಎಂಬುದು ಆ ಆಟದವರ ನಡುವೆ ಇಂದಿಗೂ ಬೆದರಿಕೆಯ ಮಾತು.

ಗೆದ್ದ ಮೇಲಿನ ಬರಲ್ಲಮ್ಮನವರು ಇನ್ನೂ ಅಪಾಯಕಾರಿ. ಅವರು ಬೀಗುವುದಿಲ್ಲ. “ಏನೋ, ಕವಡೆ ಬಿತ್ತು. ನೀನೇ ಬಿಟ್ಟುಕೊಟ್ಟೆ, ನನಗೆ ಗೊತ್ತು” ಎಂದುಬಿಡುತ್ತಾರೆ. ಬಿಟ್ಟುಕೊಟ್ಟೆನೆಂದು ಒಪ್ಪಿದರೆ ಸುಳ್ಳು, ಇಲ್ಲವೆಂದರೆ ಅವಮಾನ. ಸೋತವನಿಗೆ ಸರಿಯಾಗಿ ಸೋಲಲೂ ಬಿಡದ ವಿನಯ ಅದು. ಇನ್ನೊಂದಾಟಕ್ಕೆ ಕರೆದರೆ ಮತ್ತೆ ಮೊದಲಿನಿಂದ ಮೂರು ಸಲ ಕರೆಯಬೇಕು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಕೇರಂ ಬೋರ್ಡಿಗೆ ಪೌಡರ್ ಚೆಲ್ಲುತ್ತಾ ತೋಳು ಮಡಚುವವರ ಎದುರು ಧೈರ್ಯವಾಗಿ ಕೂರಿ, ಗೆಲ್ಲುವ ಅವಕಾಶವಿದೆ. ಗೋಡೆಗೊರಗಿ ಕೂತವರು “ನನಗೇನೂ ಬರಲ್ಲ” ಎಂದರೆ ಮಾತ್ರ ನಂಬಿ ಮಣೆಯನ್ನು ಒಳಗಿಟ್ಟುಬಿಡಿ. ಆಡಲೇಬೇಕಾಗಿ ಬಂದರೆ ಪಣ ಕಟ್ಟಬೇಡಿ, ಕುರಿಗಳನ್ನು ನೀವೇ ಕೇಳಿ. ಅವರು ಕೊಡುವುದಿಲ್ಲ. ಒಂದು ವೇಳೆ ನಗುನಗುತ್ತಾ ಕೊಟ್ಟುಬಿಟ್ಟರೆ, ಆ ಮನೆಯಲ್ಲಿ ಹುಲಿ ಆಡಿಸುವುದನ್ನೂ ಬಲ್ಲವರು ಅವರೇ ಎಂದು ತಿಳಿಯಿರಿ.