ಹಪ್ಪಳಕ್ಕೆ ಸೊನ್ನೆ, ಸಂಡಿಗೆಗೆ ಎಷ್ಟು?

ಹಲಸಿನ ಹಪ್ಪಳದ ವ್ಯಾಪಾರಕ್ಕೆ ಹಲಸಿನಕಾಯಿ, ಬಿಸಿಲು ಮತ್ತು ಕಾಗೆ ಓಡಿಸುವ ಒಬ್ಬ ಆಳು ಇದ್ದರೆ ಸಾಕು. ನಮ್ಮಲ್ಲಿ ಆ ಆಳು ನಾನೇ. ಲಟ್ಟಿಸುವುದು ಹೆಂಡತಿ ಮತ್ತು ಅತ್ತೆ. ಆದರೂ ಫಾರ್ಮಿನಲ್ಲಿ ‘ಮಾಲೀಕರು’ ಎಂಬ ಜಾಗದಲ್ಲಿ ನನ್ನ ಹೆಸರು ಬರೆದುಕೊಂಡು ಅದನ್ನು ಆಗಾಗ ತೆಗೆದು ನೋಡುತ್ತಿರುತ್ತೇನೆ.

ಆಹಾರ ಸುರಕ್ಷತೆಯ ನೋಂದಣಿ ವರ್ಷಕ್ಕೆ 100 ರೂಪಾಯಿಯಲ್ಲಿ ಮುಗಿಯಿತು. ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ತಿಂಗಳು, ದೂರಿಗೆ ಫೋನ್ ನಂಬರು ಎಲ್ಲ ಅಚ್ಚಾಯಿತು. (ನಂಬರು ಅತ್ತೆಯದು. ದೂರು ಬಂದಿಲ್ಲ.) ಅಷ್ಟರಲ್ಲಿ ಮುಂಬೈಯ ಭಾವ ಅರಳು ಸಂಡಿಗೆಗೆ ಆರ್ಡರ್ ಕೊಟ್ಟ.

“ಸಂಡಿಗೆನಾ?” ಆಡಿಟರು ಕನ್ನಡಕ ತೆಗೆದರು.

ಹಪ್ಪಳವನ್ನು ಯಾವ ಹೆಸರಿನಿಂದ ಕರೆದರೂ ಜಿಎಸ್‌ಟಿ ಸೊನ್ನೆ. ದುಂಡಗಿರಲಿ, ಚೌಕವಿರಲಿ, ಹಪ್ಪಳ ಹಪ್ಪಳವೇ ಎಂದು 2021ರಲ್ಲಿ ಕೇಂದ್ರದ ತೆರಿಗೆ ಮಂಡಳಿಯೇ ಹೇಳಿದೆ. ಸೊನ್ನೆ ತೆರಿಗೆಯ ಮಾಲು ರಾಜ್ಯದ ಗಡಿ ದಾಟಿದರೂ ನೋಂದಣಿ ಬೇಡ. ತೆರಿಗೆಯ ಮಾಲು ದಾಟಿದರೆ ಮಾತ್ರ ಬೇಕೇಬೇಕು, ವರ್ಷದ ವಹಿವಾಟು 40 ಲಕ್ಷದೊಳಗಿದ್ದರೆ ನೋಂದಣಿ ಬೇಡವೆಂಬ ರಿಯಾಯಿತಿ ಅಲ್ಲಿ ನಡೆಯದು. ಹಾಗಾದರೆ ಸಂಡಿಗೆ ಹಪ್ಪಳದ ಇನ್ನೊಂದು ಹೆಸರೋ, ಯಂತ್ರದಲ್ಲಿ ಒತ್ತಿದ ಐದು ಪರ್ಸೆಂಟಿನ ಫ್ರೈಮ್ಸಿನ ದಾಯಾದಿಯೋ?

“ಒತ್ತೋದಾ?”

“ಇಲ್ಲ, ಕೈಯಲ್ಲಿ ಇಡೋದು.”

“ಒತ್ತೋದೇ ಇಲ್ವಾ?”

“ಅತ್ತೆ ಸ್ವಲ್ಪ ಒತ್ತಿ ಇಡ್ತಾರೆ.”

ಅದನ್ನೂ ಬರೆದುಕೊಂಡರು.

ಸ್ಯಾಂಪಲ್ಲಿಗೆಂದು ಕರಿದು ಒಯ್ದಿದ್ದ ಹಪ್ಪಳವನ್ನು ಮುರಿದು ಬಾಯಿಗಿಡುವಷ್ಟರಲ್ಲಿ ಅವರ ಕೈ ನಿಂತಿತು. “ಇದರಲ್ಲೊಂದು ತೊಡಕಿದೆ. ಸೊನ್ನೆ ನಿಜ, ಆದರೆ ‘ತಿನ್ನಲು ಬಡಿಸಿದ ಹಪ್ಪಳ ಹೊರತು’ ಅಂತಿದೆ. ನೀವೀಗ ಬಡಿಸಿದಿರಾ?”

“ನಾನು ಇಟ್ಟೆ ಅಷ್ಟೇ. ತೆಗೆದುಕೊಂಡವರು ನೀವು.”

“ಪ್ಲೇಟಿನಲ್ಲಿಟ್ಟಿರಿ.”

“ಪ್ಲೇಟು ನಿಮ್ಮದೇ. ನಾನು ದುಡ್ಡೂ ಕೇಳಿಲ್ಲ.”

“ನಾಳೆ ನನ್ನ ಫೀಸಿನಲ್ಲಿ ಮುರಿದುಕೊಂಡರೆ?”

ನನಗದು ಹೊಳೆದಿರಲಿಲ್ಲ, ಹೊಳೆದ ಮೇಲೆ ಒಳ್ಳೆಯ ಉಪಾಯವೆನಿಸಿತು. ಹಪ್ಪಳದ ತುಂಡು ಅವರ ಬೆರಳಲ್ಲೇ ಇತ್ತು: ಬಾಯೊಳಗೆ ಹೋದರೆ ತೆರಿಗೆ, ಪ್ಲೇಟಿಗೆ ಮರಳಿದರೆ ಸೊನ್ನೆ. ನಾವಿಬ್ಬರೂ ಅದನ್ನೇ ನೋಡುತ್ತ ಕುಳಿತಿದ್ದಾಗ ಪಕ್ಕದ ಗುಮಾಸ್ತ ಪ್ಲೇಟು ಖಾಲಿ ಮಾಡಿ, “ಸರ್, ಉಪ್ಪು ಚೂರು ಮುಂದಾಗಿದೆ” ಎಂದ.

ಇದೆಲ್ಲ ನಗುವ ಮಾತೇ. ಆದರೆ 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸು ಬಂದಾಗ ಯಾರೂ ನಗಲಿಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು! ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನಲ್ಲಿ ಅಂಗಡಿಯವರು ಕ್ಯುಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ನೋಟಿಸು ಕಳಿಸುವ ಮೊದಲು ಅಂಗಡಿಯಲ್ಲೇನಿದೆ ಎಂದು ಯಾರಾದರೂ ಒಮ್ಮೆ ಇಣುಕಿದ್ದರೆ ಸಾಕಿತ್ತು.

ಭಾವನಿಗೆ ಕೊನೆಗೆ ಹಪ್ಪಳವನ್ನೇ ಕಳಿಸಿದೆವು. ಸಂಡಿಗೆಯೇ ಬೇಕೆನ್ನುವ ಮುಂಬೈಯವರು ದಯವಿಟ್ಟು ನಮ್ಮ ಶಿರಸಿಗೇ ಬಂದು ಕೊಂಡೊಯ್ಯಿರಿ. ಕರಿಯುವುದನ್ನು ಮಾತ್ರ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ.